ಹಾವು ತಿನ್ನುವ ಹಾವು ಬೇಕಾಗಿದೆ

ಅರೋರಾ ಊರಿನ ಹೊಸ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿದ್ದ ಹಾವು ಹೆಚ್ಚೆಂದರೆ ಒಂದೂವರೆ ಅಡಿ ಇತ್ತು. ಬೆನ್ನ ಮೇಲೆ ಹಳದಿ ಗೆರೆ, ಕಿರುಬೆರಳಿನಷ್ಟು ದಪ್ಪ. ಅಮೆರಿಕದವರು ಅದನ್ನು ಗಾರ್ಟರ್ ಸ್ನೇಕ್ ಎನ್ನುತ್ತಾರೆ, ಅದಕ್ಕೆ ಹೆದರುವವರನ್ನು ಕಂಡರೆ ನಗುತ್ತಾರೆ. ಅಂಥ ಬಡಪಾಯಿ ಹಾವು ವಿಜಯ್ ಕುಮಾರನ ನಾಲ್ಕು ಬೆಡ್‌ರೂಮಿನ ಮನೆಯನ್ನು ಎರಡು ತಿಂಗಳಿಂದ ಖಾಲಿ ಕೂರಿಸಿತ್ತು.

ಕೀಲಿಕೈ ಸಿಕ್ಕ ದಿನವೇ ಅವನ ಹೆಂಡತಿ ಲತಾಶ್ರೀ ಅದನ್ನು ನೋಡಿದಳು. ಕೂಗಲಿಲ್ಲ, ಹಾರಲಿಲ್ಲ. ಸುಮ್ಮನೆ ತಿರುಗಿ ಹೋಗಿ ಕಾರಿನಲ್ಲಿ ಕೂತಳು. “ಹಾವಿರೋ ಮನೆಗೆ ನಾನು ಬರಲ್ಲ” ಎಂದಳು. ಅಂದಿನಿಂದ ಗಂಡ ಹೆಂಡತಿ ಇಬ್ಬರೂ ಲೊಂಬಾರ್ಡಿನ ಹಳೆಯ ಅಪಾರ್ಟ್‌ಮೆಂಟಿನಲ್ಲೇ ಇದ್ದರು. ವಿಜಯ ಮಾತ್ರ ದಿನಾ ಆಫೀಸು ಮುಗಿಸಿ ಇಪ್ಪತ್ತು ಮೈಲಿ ಡ್ರೈವ್ ಮಾಡಿಕೊಂಡು ಹೋಗಿ, ತನ್ನ ಮನೆಯಲ್ಲಿ ಹಾವುಗಳು ಕ್ಷೇಮವೇ ಎಂದು ನೋಡಿಕೊಂಡು ಬರುತ್ತಿದ್ದ.

ಹುಳ ಹುಪ್ಪಟೆ ಓಡಿಸುವ ಕಂಪನಿಯವನನ್ನೂ ಕರೆಸಿದ್ದಾಯಿತು. ಅವನು ಬಗ್ಗಿ ನೋಡಿ, ಇವು ಪಾಪದ ಪ್ರಾಣಿಗಳು, ಹಿತ್ತಲ ಬಸವನಹುಳ ತಿಂದುಕೊಂಡಿರುತ್ತವೆ ಎಂದು ಹೇಳಿ ಕೈಕುಲುಕಿ ಹೊರಟುಹೋದ. ವಿಜಯ ಗೋಡೆಯ ಬಿರುಕುಗಳಿಗೆಲ್ಲ ಫೋಮ್ ತುಂಬಿದ. ಹಾವುಗಳು ಫೋಮಿನ ಪಕ್ಕದಲ್ಲೇ ಮಲಗಿದವು.

ಹೊಡೆದು ಹಾಕುವ ಮಾತೇ ಇರಲಿಲ್ಲ. ಅವರ ಮನೆದೇವರು ಸುಬ್ರಹ್ಮಣ್ಯ. ಅದಕ್ಕಿಂತ ಹೆಚ್ಚಾಗಿ, ವಿಜಯನ ಅಕ್ಕ ಶಾರದ ಅದೇ ಬಡಾವಣೆಯಲ್ಲಿ ಮೂರು ಮನೆ ಆಚೆ ಇದ್ದಳು. ಹಾವಿನ ಮೇಲೆ ಪೈಪಿನಿಂದ ನೀರು ಬಿಡುವುದಕ್ಕೂ ಅವಳ ಅಪ್ಪಣೆ ಇರಲಿಲ್ಲ. ಬದಲಿಗೆ ದಿನಾ ಸಂಜೆ ಬೆಳ್ಳಿ ಬಟ್ಟಲಲ್ಲಿ ಹಾಲು ತಂದು ಹಿಂಬಾಗಿಲ ಹತ್ತಿರ ಇಟ್ಟು, ನಿಮ್ಮ ಪಾಡಿಗೆ ನೀವು ಹೋಗಿಬಿಡ್ರಪ್ಪ ಎಂದು ಕೈಮುಗಿದು ಹೋಗುತ್ತಿದ್ದಳು. ಜೂನ್‌ನಲ್ಲಿ ಒಂದಿದ್ದ ಹಾವು ಆಗಸ್ಟಿಗೆ ಐದಾಗಿತ್ತು.

ಈ ಮನೆಯನ್ನು ಹುಡುಕಿದ್ದು ಅಕ್ಕ. ಚೌಕಾಸಿ ಮಾಡಿದ್ದು ಅಕ್ಕ. ಪರದೆಯ ಬಣ್ಣ, ಅಡುಗೆಮನೆಯ ಗ್ರಾನೈಟು, ಗೃಹಪ್ರವೇಶದ ಮುಹೂರ್ತ, ಪುರೋಹಿತರು, ಕೇಟರಿಂಗ್‌ನ ಬಿಸಿಬೇಳೆಬಾತು, ನೂರಿಪ್ಪತ್ತು ಜನರ ಪಟ್ಟಿ, ಎಲ್ಲ ಅಕ್ಕನದೇ. ಶ್ರಾವಣದ ಕೊನೆಯ ಮುಹೂರ್ತ, ಭಾನುವಾರ ಬೆಳಿಗ್ಗೆ ಏಳು ನಲವತ್ತಕ್ಕೆ. ಕಲಶ ಹಿಡಿದು ಹೊಸಿಲು ದಾಟಬೇಕಾದ ಲತಾಶ್ರೀಯೊಬ್ಬಳನ್ನು ಮಾತ್ರ ಅಕ್ಕನಿಗೆ ಏರ್ಪಾಡು ಮಾಡಲಾಗಿರಲಿಲ್ಲ. ಅದು ವಿಜಯನ ಪಾಲಿಗೆ ಬಿದ್ದಿತ್ತು. ಅವಳು ಬರದಿದ್ದರೆ ನೂರಿಪ್ಪತ್ತು ಜನರ ಎದುರು ಅವನು ಒಬ್ಬನೇ ಹಾಲುಕ್ಕಿಸಬೇಕಿತ್ತು.

ಗುರುವಾರ ಮಧ್ಯಾಹ್ನ ಆಫೀಸಿನಲ್ಲಿ ಊಟದ ಹೊತ್ತಿಗೆ ಧಾರವಾಡದ ಗುರುಲಿಂಗಪ್ಪ ದಾರಿ ತೋರಿಸಿದ.

“ಕೊಲ್ಲೂದೂ ಬ್ಯಾಡ, ಹೊಡ್ಯೂದೂ ಬ್ಯಾಡ. ಹಾವು ತಿನ್ನೂ ಹಾವೊಂದು ತಂದು ಮನ್ಯಾಗ ಇಡ್ರಿ. ಅದರ ವಾಸನಿ ಬಡೀತಂದ್ರ ಉಳದಾವು ಆ ಕಡೆ ತಲಿ ಹಾಕೂದಿಲ್ಲ.”

ವಿಜಯ ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದವನು. ಈ ಉಪಾಯವನ್ನು ಎಲ್ಲ ಕಡೆಯಿಂದ ತಟ್ಟಿ ನೋಡಿದ, ಒಂದೂ ದೋಷ ಸಿಗಲಿಲ್ಲ. ಕೊಲೆ ಇಲ್ಲ, ಬರೀ ವಾಸನೆ. ಖುಷಿಯಲ್ಲಿ ಅಕ್ಕನಿಗೆ ಫೋನು ಮಾಡಿ ಹೇಳಿಬಿಟ್ಟ. ಅಲ್ಲಿ ಅವನು ಎಡವಿದ.

ಅಕ್ಕ ಒಪ್ಪಿದಳು. ಹಾವು ತಿನ್ನುವ ಜಾತಿಯದೇ ಆಗಿರಲಿ, ಆದರೆ ನಮ್ಮ ಮನೆಯಲ್ಲಿದ್ದುಕೊಂಡು ಹಾವು ತಿನ್ನಕೂಡದು, ದೋಷ ನಮಗೆ ತಟ್ಟುತ್ತದೆ ಎಂದಳು. ಹೆಡೆ ಇರಕೂಡದು, ಹೆಡೆ ಇದ್ದರೆ ಅದು ದೇವರಾಯಿತು, ದೇವರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಲಾಗುವುದಿಲ್ಲ. ನೋಡಲು ಲಕ್ಷಣವಾಗಿರಬೇಕು. ಆಮೇಲೆ ತಾನೂ ಬರುವುದಾಗಿ ಹೇಳಿದಳು.

“ನಿನಗೆ ಒಂದು ಬದನೆಕಾಯಿ ಆರಿಸೋಕೆ ಬರಲ್ಲ ವಿಜಿ, ಹಾವು ಆರಿಸ್ತೀಯಾ?”

ಶನಿವಾರ ಬೆಳಿಗ್ಗೆ ಅವರಿಬ್ಬರೂ ಹಾವು ಹಲ್ಲಿಗಳ ಪ್ರದರ್ಶನ ಮತ್ತು ಮಾರಾಟಕ್ಕೆ ಹೊರಟರು. ಲತಾಶ್ರೀಗೆ ವಿಜಯ ವಿಷಯ ಹೇಳಿರಲಿಲ್ಲ. ನಾಳೆಯ ಹೊತ್ತಿಗೆ ಮನೆಯ ಸುತ್ತ ಒಂದೂ ಹಾವು ಇರುವುದಿಲ್ಲ ಎಂದಷ್ಟೇ ಹೇಳಿದ್ದ. ಅವಳು ದೋಸೆ ಮಗುಚುತ್ತ ನೋಡೋಣ ಎಂದಿದ್ದಳು.

ಫೇರ್‌ಗ್ರೌಂಡಿನ ದೊಡ್ಡ ಶೆಡ್ಡಿನಲ್ಲಿ ಸಾಲುಸಾಲು ಮೇಜುಗಳು. ಮಿಠಾಯಿ ಅಂಗಡಿಯಲ್ಲಿ ಮೈಸೂರುಪಾಕು ಜೋಡಿಸಿಟ್ಟ ಹಾಗೆ ಮುಚ್ಚಳದ ಡಬ್ಬಿಗಳಲ್ಲಿ ಹಾವುಗಳನ್ನು ಜೋಡಿಸಿಟ್ಟಿದ್ದರು. ವಿಜಯ ಬಾಗಿಲಲ್ಲೇ ನಿಂತ. ಅಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದಳು.

ಮೊದಲನೇ ಮೇಜಿನ ಗಡ್ಡದವನ ಮುಂದೆ ವಿಜಯ ತನ್ನ ಬೇಡಿಕೆಯನ್ನು ಇಂಗ್ಲಿಷಿನಲ್ಲಿ ವಿವರಿಸಿದ. ಹಾವು ತಿನ್ನುವ ಹಾವು ಬೇಕು, ಆದರೆ ಅದು ಹಾವು ತಿನ್ನಬಾರದು. ಗಡ್ಡದವನು ಎರಡು ಸಲ ಕೇಳಿಸಿಕೊಂಡ. ಮೂರನೆಯ ಸಲ ಕೇಳುವ ಗೋಜಿಗೆ ಹೋಗದೆ ಒಂದು ಕಿಂಗ್ ಸ್ನೇಕನ್ನು ಮುಂದೆ ತಳ್ಳಿದ. ಕಪ್ಪು ಮೈ, ಬಿಳಿ ಪಟ್ಟೆ. ಇದು ಹಾವುಗಳನ್ನೇ ನುಂಗುವ ಜಾತಿ, ಸಾಧು, ಎಲ್ಲರೂ ಸಾಕುವುದು ಇದನ್ನೇ ಎಂದ. ಅಕ್ಕ ದೂರದಿಂದಲೇ ತಲೆಯಾಡಿಸಿದಳು. ಆ ಪಟ್ಟೆ ನೋಡಿದರೆ ನಮ್ಮ ಕಡೆಯ ವಿಷದ ಕಟ್ಟುಹಾವಿನ ನೆನಪಾಗುತ್ತದೆ, ಗೃಹಪ್ರವೇಶಕ್ಕೆ ಬಂದವರು ಊಟ ಬಿಟ್ಟು ಓಡುತ್ತಾರೆ ಎಂದಳು.

ಎರಡನೇ ಮೇಜಿನಲ್ಲಿದ್ದದ್ದು ಮಿಲ್ಕ್ ಸ್ನೇಕ್. ಕೆಂಪು, ಕಪ್ಪು, ಹಳದಿ ಬಳೆ ತೊಡಿಸಿದಂಥ ಮೈ. ಹೆಸರು ಕೇಳಿಯೇ ಅಕ್ಕನಿಗೆ ಭಕ್ತಿ ಬಂತು. ದಿನಕ್ಕೆ ಎಷ್ಟು ಹಾಲು ಇಡಬೇಕೆಂದು ವಿಜಯನ ಕೈಲಿ ಕೇಳಿಸಿದಳು. ಅದು ಹಾಲು ಮುಟ್ಟುವುದೇ ಇಲ್ಲ ಎಂದು ತಿಳಿದ ಕೂಡಲೇ ಮುಖ ಸಿಂಡರಿಸಿ, ಇಂಥ ಮೋಸದ ಹೆಸರಿನದು ನಮ್ಮ ಮನೆಗೆ ಬೇಡ ಎಂದಳು. ಮೂರನೆಯದು ತೀರಾ ಸಣ್ಣದು, ಅದನ್ನು ನೋಡಿ ಎರೆಹುಳವೂ ಓಡುವುದಿಲ್ಲ. ನಾಲ್ಕನೆಯದರ ಕಣ್ಣು ಸರಿಯಿಲ್ಲ. ವಿಜಯನಿಗೆ ಹೆಣ್ಣು ನೋಡಲು ಹೋದಾಗಲೂ ಅಕ್ಕ ಹೀಗೆಯೇ ಹನ್ನೊಂದು ಮನೆಗಳ ಉಪ್ಪಿಟ್ಟು ತಿಂದು ಬೇಡ ಎಂದಿದ್ದಳು. ಇಲ್ಲಿ ಉಪ್ಪಿಟ್ಟೂ ಇರಲಿಲ್ಲ.

ಶೆಡ್ಡಿನ ಮೂಲೆಯ ಮೇಜಿನಿಂದ ಒಂದು ದನಿ ಬಂತು. “ಆಂಟಿ, ನೀವು ಕನ್ನಡಾನಾ?”

ಇಪ್ಪತ್ತೈದು ವರ್ಷದ ಹುಡುಗಿ. ಕತ್ತರಿಸಿದ ಕೂದಲು, ತೋಳಿಗೆ ಸುತ್ತಿಕೊಂಡ ಹಾವು. ಹೆಸರು ಜಾನ್ವಿ. ಮಿಷಿಗನ್ನಿನ ಪ್ಲಿಮತ್‌ನಲ್ಲಿ ಹುಟ್ಟಿ ಬೆಳೆದವಳು, ಬೆಳಗಿನ ಜಾವಕ್ಕೇ ಹೊರಟು ಹಾವುಗಳನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದಿದ್ದಳು. ಅಕ್ಕನಿಗೆ ಹಾವು ಮರೆತುಹೋಯಿತು. ಅಪ್ಪ ಯಾರು, ಅಮ್ಮ ಎಲ್ಲಿಯವರು, ಮದುವೆ ಯಾವಾಗ ಎಂದು ವಿಚಾರಿಸಿ, ಮೂರು ನಿಮಿಷದಲ್ಲಿ ಅವಳ ತಾಯಿ ಡೆಟ್ರಾಯಿಟ್ ಕಡೆಯ ಕನ್ನಡ ಸಮ್ಮೇಳನದಲ್ಲಿ ತನ್ನ ಜೊತೆ ಕೋಲಾಟ ಆಡಿದವಳೆಂದು ಕಂಡುಹಿಡಿದಳು. ಆ ತಾಯಿ, ತನ್ನ ಮಗಳು ಮೆಡಿಕಲ್ ಫೀಲ್ಡಿನಲ್ಲಿದ್ದಾಳೆಂದು ಎಲ್ಲರಿಗೂ ಹೇಳಿಕೊಂಡಿದ್ದಳು. ಜಾನ್ವಿ ನಕ್ಕು ತೋಳು ಮುಂದೆ ಚಾಚಿದಳು.

ಅವಳ ತೋಳಿನಲ್ಲಿದ್ದದ್ದು ಮುಸುರಾನಾ ಎಂಬ ದಕ್ಷಿಣ ಅಮೆರಿಕದ ಹಾವು. ನಾಲ್ಕೂವರೆ ಅಡಿ, ಎಣ್ಣೆ ಹಚ್ಚಿ ಹೆಣೆದ ಜಡೆಯ ಹಾಗೆ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಹೆಡೆ ಇಲ್ಲ, ಪಟ್ಟೆ ಇಲ್ಲ. ಸಾಕುವವರು ಬಹಳ ಕಡಿಮೆ ಎಂದಳು ಜಾನ್ವಿ.

“ಅಂಕಲ್, ಇದು ಸೂಪರ್ ಚಿಲ್. ಮನುಷ್ಯರಿಗೆ ಏನೂ ಮಾಡಲ್ಲ. ಬಟ್ ಕಾಡಲ್ಲಿ ವಿಷದ ಹಾವನ್ನೇ ತಿನ್ನತ್ತೆ.”

ಹಿಂದಿನ ಹಲ್ಲುಗಳಲ್ಲಿ ಅದಕ್ಕೂ ಒಂಚೂರು ವಿಷವಿದೆ, ಕೈಯಲ್ಲಿ ಹಿಡಿದಾಗ ಹುಷಾರಾಗಿರಬೇಕು ಎಂದೂ ಸೇರಿಸಿದಳು. ಕೈಯಲ್ಲಿ ಹಿಡಿಯುವ ಯೋಚನೆ ವಿಜಯನಿಗೆ ಯಾವ ಜನ್ಮದಲ್ಲೂ ಇರಲಿಲ್ಲ.

ಪಕ್ಕದ ಡಬ್ಬಿಯಲ್ಲಿ ಅದರದೇ ಮರಿ ಇತ್ತು, ಕುಂಕುಮದಂಥ ಕೆಂಪು ಮೈ, ಕಪ್ಪು ತಲೆ. ಅಕ್ಕನಿಗೆ ಅದೇ ಮಂಗಳಕರವಾಗಿ ಕಂಡಿತು. ಬೆಳೆಯುತ್ತ ಕೆಂಪು ಹೋಗಿ ಕಪ್ಪಾಗುತ್ತದೆ ಎಂದು ಜಾನ್ವಿ ಹೇಳಿದಾಗ ಕೈ ಹಿಂದೆ ತೆಗೆದಳು. ಬಣ್ಣ ಬಿಡುವ ಸೀರೆಯನ್ನು ಅಕ್ಕ ಎಂದೂ ಕೊಂಡವಳಲ್ಲ.

ಆಹಾರದ ಮಾತು ಬಂತು. ಮನೆಯಲ್ಲಿ ಸಾಕಿದ್ದಕ್ಕೆ ಫ್ರೀಜರಿನಲ್ಲಿಟ್ಟ ಇಲಿ ಕೊಡುತ್ತೇವೆ, ಅಭ್ಯಾಸವಾಗಿದೆ ಎಂದಳು ಜಾನ್ವಿ. ಹಾವು ತಿನ್ನಿಸಿದರೆ ಸುಬ್ರಹ್ಮಣ್ಯನಿಗೆ ಕೋಪ, ಇಲಿ ತಿನ್ನಿಸಿದರೆ ಗಣಪತಿಗೆ ಕೋಪ. ಅಣ್ಣ ತಮ್ಮಂದಿರ ನಡುವೆ ಸಿಕ್ಕಿಕೊಂಡ ಅಕ್ಕ ಬಹಳ ಹೊತ್ತು ಲೆಕ್ಕ ಹಾಕಿದಳು. ಕೊನೆಗೆ, ಗಣಪತಿ ಸ್ವಭಾವತಃ ದೊಡ್ಡ ಮನಸ್ಸಿನವನು, ನೂರೆಂಟು ಕಡುಬು ಮಾಡಿದರೆ ಕ್ಷಮಿಸುತ್ತಾನೆ ಎಂದು ತೀರ್ಪು ಕೊಟ್ಟು, ಹಾವಿಗೆ ನೀರಿನ ಬೋಗುಣಿ ಕೊಳ್ಳಲು ಎದುರಿನ ಮೇಜಿಗೆ ಹೋದಳು. ಆ ಇಲಿಗಳನ್ನು ಫ್ರೀಜರಿನಲ್ಲಿ ಹಿತಕಿದ ಅವರೆಬೇಳೆಯ ಪಕ್ಕದಲ್ಲಿ ಇಡಬೇಕಾದವನು ವಿಜಯ.

ಅಕ್ಕ ಅತ್ತ ಹೋದ ಮೇಲೆ ಜಾನ್ವಿ, ನಿಜವಾಗಿ ಈ ಹಾವು ಯಾಕೆ ಬೇಕೆಂದು ಕೇಳಿದಳು. ವಿಜಯ ಎಲ್ಲ ಹೇಳಿದ. ಮೆಟ್ಟಿಲು, ಫೋಮು, ಬೆಳ್ಳಿ ಬಟ್ಟಲು, ಐದು ಹಾವು. ಜಾನ್ವಿ ಹಣೆ ಚಚ್ಚಿಕೊಂಡಳು.

“ಅಂಕಲ್, ಹಾಲಿಗೆ ಬಸವನಹುಳ ಬರತ್ತೆ. ಅದನ್ನ ತಿನ್ನೋಕೆ ಗಾರ್ಟರ್ ಬರತ್ತೆ. ಯು ಡೋಂಟ್ ನೀಡ್ ಎ ಸ್ನೇಕ್. ಹಾಲು ಸ್ಟಾಪ್ ಮಾಡಿ, ದಟ್ಸ್ ಇಟ್.”

ವಿಜಯ ತಿರುಗಿ ಅಕ್ಕನನ್ನು ನೋಡಿದ. ಅವಳು ಬೋಗುಣಿಯನ್ನು ಬೆರಳಿನಿಂದ ಬಾರಿಸಿ ಶಬ್ದ ಪರೀಕ್ಷಿಸುತ್ತಿದ್ದಳು. ಒಂದು ಕಡೆ, ನಿನ್ನ ಭಕ್ತಿಯಿಂದಲೇ ಹಾವು ಬರುತ್ತಿದೆ, ಬಟ್ಟಲು ಎತ್ತಿಕೊಂಡು ಹೋಗು ಎಂದು ಅಕ್ಕನಿಗೆ ಹೇಳಬೇಕು. ಇನ್ನೊಂದು ಕಡೆ ನಾಲ್ಕೂವರೆ ಅಡಿ ಉದ್ದದ, ಹಿಂದಿನ ಹಲ್ಲಿನಲ್ಲಿ ವಿಷವಿರುವ ಹಾವನ್ನು ಮನೆಗೆ ಒಯ್ಯಬೇಕು. ಎರಡರಲ್ಲಿ ಸುಲಭವಾದದ್ದನ್ನು ವಿಜಯ ಆರಿಸಿಕೊಂಡ.

“ಪ್ಯಾಕ್ ಮಾಡಮ್ಮ” ಎಂದ.

ವೀಸಾ ಅರ್ಜಿಗಿಂತ ದಪ್ಪದ, ಹಾವು ಸಾಕುವ ನಿಯಮಗಳ ಕಾಗದದ ಕಟ್ಟು ಕೊಟ್ಟು, ಡಬ್ಬಿಯ ಚಿಲಕ ಎರಡು ಸಲ ನೋಡಿ, ಜಾನ್ವಿ ಕಾರಿನವರೆಗೆ ಬಂದು ಕಳಿಸಿಕೊಟ್ಟಳು.

ಅಕ್ಕ ಡಬ್ಬಿಯ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಿಂದಿನ ಸೀಟಿನಲ್ಲಿ ಇಟ್ಟು ಬೆಲ್ಟು ಹಾಕಿದಳು. ಆಮೇಲೆ ದಾರಿಯುದ್ದಕ್ಕೂ ಫೋನಿನಲ್ಲಿದ್ದಳು. ಅರೋರಾದ ಎಕ್ಸಿಟ್ ಬರುವ ಹೊತ್ತಿಗೆ ವಿಜಯನಿಗೆ ಅನುಮಾನ ಹತ್ತಿತು. ಯಾರಿಗೆ ಏನು ಹೇಳಿದೆ ಎಂದು ಕೇಳಿದ.

“ನಾಗಪ್ಪ ಬರ್ತಿದಾನೆ ಅಂದೆ. ಅದು ಹಾವು ತಿನ್ನತ್ತೆ ಅಂತ ನೀನು ಯಾರ ಹತ್ರಾನೂ ಬಾಯಿ ಬಿಡಬೇಡ.”

ಮನೆಯ ಮುಂದೆ ಎಂಟು ಜನ ಹೆಂಗಸರು ರೇಷ್ಮೆ ಸೀರೆಯುಟ್ಟು ಕಾಯುತ್ತಿದ್ದರು. ಕೈಯಲ್ಲಿ ಹಾಲಿನ ಚೊಂಬು, ಬಾಳೆಹಣ್ಣು, ಕುಂಡದಲ್ಲಿ ಬೆಳೆಸಿದ ಮಲ್ಲಿಗೆ. ನಾಗರಪಂಚಮಿ ಮುಗಿದು ಎರಡು ವಾರವಾಗಿತ್ತು, ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಹೆಬ್ಬೆರಳಿನಷ್ಟು ಬೆಳ್ಳಿ ನಾಗನಿಗೆ ತನಿ ಎರೆದು ಎರೆದು ಅವರಿಗೂ ಸಾಕಾಗಿತ್ತು. ಜೀವಂತ ನಾಗಪ್ಪ ಕಾರಿನಲ್ಲಿ ಬರುತ್ತಾನೆಂದರೆ ಯಾರು ಬಿಡುತ್ತಾರೆ? ಊರಲ್ಲಿ ನಾಗರಕಲ್ಲಿನ ಸುತ್ತ ತಲೆಮಾರುಗಟ್ಟಲೆ ಕೈಮುಗಿದ ಮನೆತನಗಳ ಹೆಣ್ಣುಮಕ್ಕಳು, ನಾಗಪ್ಪನನ್ನೇ ನುಂಗುವ ಹಾವಿನ ಮುಂದೆ ಸಾಲಾಗಿ ನಿಂತು ಕಣ್ಣು ಮುಚ್ಚಿದರು. ವಿಜಯ ಗೋಡೆಗೆ ಒರಗಿ ನಿಂತ. ಹೇಳಿದರೆ ಅಕ್ಕ ಬಿಡುವುದಿಲ್ಲ, ಹೇಳದಿದ್ದರೆ ಮನೆದೇವರು ಬಿಡುವುದಿಲ್ಲ.

ಅಡುಗೆಮನೆಯ ಗ್ರಾನೈಟಿನ ಪಕ್ಕದಲ್ಲಿ ನೆಲದ ಮೇಲೆ ಮಣೆ ಹಾಕಿ ಡಬ್ಬಿ ಇಟ್ಟರು. ಅಕ್ಕ ಮುಚ್ಚಳವನ್ನು ಎರಡು ಬೆರಳಷ್ಟು ಸರಿಸಿ, ಒಬ್ಬೊಬ್ಬರು ಎರಡೆರಡು ಹನಿ ಮಾತ್ರ ಎಂದಳು. ಏಳು ಜನ ಹಾಗೆಯೇ ಮಾಡಿದರು. ಎಂಟನೆಯವಳು ಎದುರು ಮನೆಯ ಭಾನುಪ್ರಿಯಾ. ಅವಳ ಗ್ರೀನ್ ಕಾರ್ಡು ಒಂಬತ್ತು ವರ್ಷದಿಂದ ಬಂದಿರಲಿಲ್ಲ. ಎರಡು ಹನಿಯಲ್ಲಿ ಮುಗಿಯುವ ಪ್ರಾರ್ಥನೆ ಅವಳದಾಗಿರಲಿಲ್ಲ. ಮುಚ್ಚಳ ಪೂರ್ತಿ ತೆಗೆದು, ತನ್ನ ಮನೆ ಫ್ರಿಜ್ಜಿನಿಂದ ತಂದ ಚೊಂಬಿನ ಹಾಲನ್ನು ಅಷ್ಟೂ ಸುರಿದಳು.

ದಕ್ಷಿಣ ಅಮೆರಿಕದ ಹಾವಿಗೆ ತಣ್ಣನೆಯ ಹಾಲಿನ ಸ್ನಾನ ಒಗ್ಗಲಿಲ್ಲ. ಅದು ಡಬ್ಬಿಯ ಅಂಚು ಹತ್ತಿ, ಆತುರವೇನೂ ಇಲ್ಲದೆ ನೆಲಕ್ಕಿಳಿದು, ಹಾಲಿನ ಗೆರೆ ಎಳೆಯುತ್ತ ಡಿಶ್‌ವಾಷರಿನ ಕಡೆ ಹೊರಟಿತು. ಮುಂದಿನ ಕ್ಷಣದಲ್ಲಿ ಎಂಟು ಜನರ ಪೈಕಿ ಏಳು ಜನ ಗ್ರಾನೈಟಿನ ಮೇಲಿದ್ದರು. ಒಬ್ಬರು ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಕ್ಕ ನೆಲದಲ್ಲೇ ನಿಂತು ಹಾವಿಗೂ ತಮ್ಮನಿಗೂ ಒಟ್ಟಿಗೆ ಆಜ್ಞೆ ಮಾಡುತ್ತಿದ್ದಳು. ವಿಜಯ ಬಟ್ಟೆ ಬುಟ್ಟಿ ಎತ್ತಿ ಹಾವಿನ ಮೇಲೆ ಕವುಚಿದ. ಅದರ ತೂತಿನಿಂದ ಹಾವು ಹೊರಬಂದು ಅವನ ಕಾಲಿನ ಕಡೆಗೇ ತಿರುಗಿತು. ಅವನಿಗೆ ಆ ಹಿಂದಿನ ಹಲ್ಲುಗಳನ್ನು ಬಿಟ್ಟು ಬೇರೇನೂ ನೆನಪಾಗಲಿಲ್ಲ. ಅವನು ಹಿಂದಕ್ಕೆ ಹಾರಿದ, ಹಾವು ಮತ್ತೆ ಡಿಶ್‌ವಾಷರಿನ ಕಡೆ ಹೊರಳಿತು.

ಅಷ್ಟರಲ್ಲಿ ಹೊರಗೆ ಹಾರ್ನ್ ಕೇಳಿಸಿತು. ನಾಳೆಯ ಪೂಜೆಯ ಬೆಳ್ಳಿ ಪಾತ್ರೆಗಳ ಚೀಲ ಕೊಡಲು ಲತಾಶ್ರೀ ಬಂದಿದ್ದಳು. ಕಾರಿನಿಂದಲೇ ಕೊಟ್ಟು ಹೋಗುವ ಉದ್ದೇಶ. ಒಳಗಿನ ಕೂಗಾಟ ಕೇಳಿ ಚೀಲ ಹಿಡಿದೇ ಇಳಿದು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ಗ್ರಾನೈಟಿನ ಮೇಲಿದ್ದ ಏಳು ರೇಷ್ಮೆ ಸೀರೆಗಳನ್ನು ನೋಡಿದಳು, ನೆಲದ ಹಾಲಿನ ಗೆರೆ ನೋಡಿದಳು. ವಿಜಯ ಡಿಶ್‌ವಾಷರಿನ ಕಡೆ ಬೆರಳು ತೋರಿಸಿದ.

ಲತಾಶ್ರೀ ಮಂಡಿಯೂರಿ ಕೂತು, ಡಿಶ್‌ವಾಷರಿನ ಕೆಳಗೆ ಅರ್ಧ ನುಗ್ಗಿದ್ದ ಹಾವಿನ ಬಾಲ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದಳು. ಇನ್ನೊಂದು ಕೈಯನ್ನು ಅದರ ಹೊಟ್ಟೆಯ ಕೆಳಗೆ ಕೊಟ್ಟು ಎತ್ತಿಕೊಂಡಳು. ಹಾವು ಅವಳ ಮೊಣಕೈಗೆ ಸುತ್ತಿಕೊಂಡು ಸುಮ್ಮನಾಯಿತು. ಸಿಂಕಿನಲ್ಲಿ ಉಗುರು ಬೆಚ್ಚಗಿನ ನೀರು ಬಿಟ್ಟು ಅದರ ಮೈಯ ಹಾಲು ತೊಳೆದು, ಪೇಪರ್ ಟವಲಿನಿಂದ ಒರೆಸಿ, ಡಬ್ಬಿಯನ್ನೂ ತೊಳೆದು, ಒಳಗಿಟ್ಟು ಚಿಲಕ ಹಾಕಿದಳು.

“ಇಳೀರಿ ಆಂಟಿ, ಗ್ರಾನೈಟು ಬಿರುಕು ಬಿಡತ್ತೆ” ಎಂದಳು.

ವಿಜಯ ಅವಳನ್ನು ಗರಾಜಿಗೆ ಕರೆದುಕೊಂಡು ಹೋದ.

“ನಿನಗೆ ಹಾವು ಅಂದ್ರೆ ಭಯ ಅಲ್ವಾ?”

“ಹಾವಿರೋ ಮನೆಗೆ ಬರಲ್ಲ ಅಂದೆ. ಭಯ ಅಂದ್ನಾ? ಮೈಸೂರಲ್ಲಿ ನಮ್ಮ ಹಿತ್ತಲಿಗೆ ಕೇರೆಹಾವು ಬಂದ್ರೆ ಅಮ್ಮ ಕೂಗ್ತಿದ್ದಿದ್ದೇ ನನ್ನನ್ನ.”

“ಮತ್ತೆ ಈ ಎರಡು ತಿಂಗಳು?”

ಲತಾಶ್ರೀ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ನಿಮ್ಮಕ್ಕ ಮೂರು ಮನೆ ಆಚೆ ಇದಾರೆ, ಅದಕ್ಕೇ ಬರಲ್ಲ ಅಂದಿದ್ರೆ ನೀವು ಕೇಳ್ತಿದ್ರಾ? ಹಾವು ಅಂದ್ರೆ ಎಲ್ರೂ ಒಪ್ಕೋತಾರೆ. ನನ್ನ ಮನೆ ಪರದೆ ಬಣ್ಣ ನನಗೆ ಗೊತ್ತಾಗಿದ್ದು ಅವ್ರು ವಾಟ್ಸಾಪಲ್ಲಿ ಹಾಕಿದ ಮೇಲೆ.”

ಅವಳ ಕಣ್ಣಲ್ಲಿ ನೀರಾಡಿತು. ವಿಜಯನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಎರಡು ತಿಂಗಳು ತಾನು ಬಿರುಕಿಗೆ ಫೋಮು ತುಂಬುತ್ತ ಕೂತಿದ್ದನ್ನು ನೆನೆದರೆ ತನ್ನ ಮೇಲೇ ಪಾಪ ಅನ್ನಿಸುವ ಹಾಗಿತ್ತು. ನಾಳೆ ಬರುತ್ತೀಯಾ ಎಂದು ಮೆಲ್ಲಗೆ ಕೇಳಿದ.

ಬರುತ್ತೇನೆ ಎಂದಳು. ಒಂದೇ ಒಂದು ಷರತ್ತು. ಇನ್ನು ಮೇಲೆ ಅಕ್ಕ ಫೋನು ಮಾಡದೆ ಈ ಮನೆಗೆ ಬರಕೂಡದು, ಅದನ್ನು ವಿಜಯನೇ ಅವರಿಗೆ ಹೇಳಬೇಕು, ಇವತ್ತೇ, ತನ್ನ ಎದುರಿಗೇ. ವಿಜಯ ಒಪ್ಪಿದ. ಇಷ್ಟೇ ತಾನೇ, ಒಂದು ವಾಕ್ಯ. ಹಗುರವಾದ ಮನಸ್ಸಿನಿಂದ ಅವಳ ಹಿಂದೆಯೇ ಒಳಗೆ ಬಂದ.

ಅಡುಗೆಮನೆಯಲ್ಲಿ ಹೆಂಗಸರು ನೆಲಕ್ಕಿಳಿದಿದ್ದರು. ಅಕ್ಕ ಡಬ್ಬಿಯ ಮುಂದೆ ಕೂತು ಅದರ ಮೇಲೆ ಮಲ್ಲಿಗೆ ಏರಿಸುತ್ತಿದ್ದಳು. ಲತಾಶ್ರೀಯನ್ನು ಕಂಡು ಕೈ ಜೋಡಿಸಿ ಎಲ್ಲರ ಕಡೆ ತಿರುಗಿದಳು.

“ನೋಡಿದ್ರಾ ಎಲ್ರೂ? ಎರಡು ತಿಂಗಳಿಂದ ನಾವ್ಯಾರೂ ಇವಳನ್ನ ಒಳಗೆ ಕರ್ಕೊಂಡು ಬರೋಕಾಗಲಿಲ್ಲ. ಈ ನಾಗಪ್ಪ ಕಾಲಿಟ್ಟ ಗಳಿಗೆಗೇ ಕರೆಸಿಕೊಂಡ. ಇದು ತಿನ್ನೋದು ಏನಾದ್ರೂ ಇರಲಿ, ನನ್ನ ಪಾಲಿಗೆ ಸಾಕ್ಷಾತ್ ಸುಬ್ರಹ್ಮಣ್ಯನೇ.”

ಅವಳು ಹರಕೆ ಹೊತ್ತಾಗಿತ್ತು. ನಾಳೆಯಿಂದ ದಿನಾ ಬೆಳಿಗ್ಗೆ ಆರು ಗಂಟೆಗೆ ತಾನೇ ಬಂದು ಇದಕ್ಕೆ ಪೂಜೆ ಮಾಡುವುದು, ಸಂಜೆ ದೀಪ ಹಚ್ಚುವುದು, ಹಾವು ಇರುವಷ್ಟು ಕಾಲವೂ ತಪ್ಪಿಸದಿರುವುದು. ನೀವಿಬ್ಬರೂ ಮಲಗಿದ್ದರೂ ಏಳಬೇಕಾಗಿಲ್ಲ, ತನ್ನ ಹತ್ತಿರ ಒಂದು ಕೀಲಿಕೈ ಮೊದಲೇ ಇದೆ ಎಂದಳು.

ಲತಾಶ್ರೀ ಗಂಡನ ಮುಖ ನೋಡಿದಳು. ಹೇಳಿ ಎನ್ನುವಂತೆ ಹುಬ್ಬು ಎತ್ತಿದಳು. ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ವಿಜಯ ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಅಕ್ಕ ತಲೆಯೆತ್ತಿ, ಇದು ಎಷ್ಟು ವರ್ಷ ಬದುಕುತ್ತಂತೆ ಎಂದು ಕೇಳಿದಳು.

“ಇಪ್ಪತ್ತು ವರ್ಷ, ಅಕ್ಕ” ಎಂದ ವಿಜಯ.

ಲತಾಶ್ರೀ ಬೆಳ್ಳಿ ಕಲಶವನ್ನು ಚೀಲದಿಂದ ತೆಗೆದು ಗ್ರಾನೈಟಿನ ಮೇಲಿಟ್ಟಳು. “ನಾಳೆ ಇದನ್ನ ಹಿಡ್ಕೊಂಡು ಒಳಗೆ ಬರೋಕೂ ನಿಮ್ಮಕ್ಕನನ್ನೇ ಕರೀರಿ” ಎಂದು ಗಂಡನಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಲೊಂಬಾರ್ಡಿಗೆ ಹೊರಟುಹೋದಳು.

ಅಕ್ಕ ಕಲಶವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಇನ್ನೂ ಸ್ವಲ್ಪ ಉಜ್ಜಬೇಕಿತ್ತು ಎಂದಳು.